ಸಂಗೀತ ಕಾರ್ಯಕ್ರಮದ ಟಿಕೆಟ್: ಎಷ್ಟು ಮಾರಾಟಕ್ಕಿತ್ತು ಎಂಬುದನ್ನಾದರೂ ಹೇಳಬಾರದೇ?

ನಾಗರಬಾವಿ ನಿವಾಸಿ

ಮುಂದಿನ ತಿಂಗಳು ಮಾದಾವರದ ಕಡೆ ನಡೆಯಲಿರುವ ದೊಡ್ಡ ಸಂಗೀತ ಕಾರ್ಯಕ್ರಮದ ಟಿಕೆಟ್‌ಗಾಗಿ ಶನಿವಾರ ಮೊಬೈಲ್ ಹಿಡಿದು ಕುಳಿತಿದ್ದವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ ಎಂದು ಗೊತ್ತು. ಆ್ಯಪ್‌ನ ಹೆಸರನ್ನಾಗಲಿ ಗಾಯಕರ ಹೆಸರನ್ನಾಗಲಿ ಬರೆಯುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ.

ಮಾರಾಟ ಮಧ್ಯಾಹ್ನ ಹನ್ನೆರಡಕ್ಕೆ. ಸಾಕಷ್ಟು ಮೊದಲೇ ಲಾಗಿನ್ ಆಗಿ ಕಾಯುವ ಪುಟದಲ್ಲಿ ನಿಂತೆ. ಹನ್ನೆರಡಾಗುತ್ತಿದ್ದಂತೆ, ನನಗಿಂತ ಮುಂದೆ ಇರುವವರ ಸಂಖ್ಯೆ ಲಕ್ಷ ದಾಟಿದೆ ಎಂದು ತೋರಿಸಿತು. ಇರಲಿ ಎಂದು ಕಾದೆ. ಸರದಿ ಬಂತು, ಆಸನಗಳ ನಕ್ಷೆ ತೆರೆಯಿತು. ಬಣ್ಣ ತುಂಬಿದ್ದ ವಿಭಾಗದ ಮೇಲೆ ಬೆರಳಿಟ್ಟ ಕೂಡಲೇ ಅದು ಬೂದುಬಣ್ಣಕ್ಕೆ ತಿರುಗುತ್ತಿತ್ತು. ಇನ್ನೊಂದರ ಮೇಲಿಟ್ಟರೆ ಅದೂ ಅಷ್ಟೇ. ಕೊನೆಗೆ ಹಿಂಬದಿಯ ನಿಲ್ಲುವ ವಿಭಾಗದಲ್ಲಿ ಎರಡು ಸಿಕ್ಕವು. ಮೂಲೆಯಲ್ಲಿ ಸೆಕೆಂಡುಗಳು ಇಳಿಯುತ್ತಿವೆ. ಮೊದಲ ಪುಟದಲ್ಲಿ ಕಂಡ ಬೆಲೆ ಕೊನೆಯ ಪುಟದಲ್ಲಿ ಇಲ್ಲ: ಕನ್ವೀನಿಯೆನ್ಸ್ ಶುಲ್ಕ, ಅದರ ಮೇಲೆ ಜಿಎಸ್‌ಟಿ, ಜೊತೆಗೆ ನಾನು ಕೇಳದೆಯೇ ಗುರುತು ಹಾಕಿಟ್ಟಿದ್ದ ಒಂದು ದೇಣಿಗೆ. ಅದನ್ನು ತೆಗೆಯುತ್ತ ಕೂರಲು ಪುರುಸೊತ್ತೆಲ್ಲಿ? ಯುಪಿಐ ಒತ್ತಿದೆ. ಹಣ ಕಡಿತವಾಗಿದೆ ಎಂದು ಬ್ಯಾಂಕಿನಿಂದ ಸಂದೇಶ ಬಂತು, ‘ನಿಮ್ಮ ಅವಧಿ ಮುಗಿದಿದೆ’ ಎಂದು ಆ್ಯಪ್‌ನಿಂದ ಬಂತು. ಮತ್ತೆ ಒಳಗೆ ಹೋಗುವಷ್ಟರಲ್ಲಿ ಎಲ್ಲ ಖಾಲಿ. ಅದೇ ವಿಭಾಗದ ಟಿಕೆಟ್ ಸಂಜೆಯೊಳಗೆ ಮರುಮಾರಾಟದ ತಾಣವೊಂದರಲ್ಲಿ ಮೂರು ಪಟ್ಟು ಬೆಲೆಗೆ ಕಾಣಿಸಿಕೊಂಡಿತು.

ಟಿಕೆಟ್ ಸಿಗಲಿಲ್ಲ ಎಂಬುದಲ್ಲ ನನ್ನ ದೂರು. ಕೇಳುವವರು ಹೆಚ್ಚಿದ್ದಾಗ ಕೆಲವರಿಗೆ ತಪ್ಪುತ್ತದೆ. ನಾನು ಕೇಳುವುದಿಷ್ಟೇ: ಶನಿವಾರ ಹನ್ನೆರಡು ಗಂಟೆಗೆ ನಮ್ಮಂಥವರಿಗಾಗಿ ಎಷ್ಟು ಟಿಕೆಟ್ ಇಟ್ಟಿದ್ದರು? ಎರಡು ದಿನ ಮೊದಲೇ ನಿರ್ದಿಷ್ಟ ಬ್ಯಾಂಕಿನ ಕಾರ್ಡ್ ಇದ್ದವರಿಗೆ ಎಷ್ಟು ಹೋಯಿತು? ಪ್ರಾಯೋಜಕರಿಗೆ ಎಷ್ಟು?

ಒಂದೇ ಮಾತು

ಹೇಳಿದರೆ ನೀವು ಸರದಿಯಲ್ಲಿ ನಿಲ್ಲುತ್ತಲೇ ಇರಲಿಲ್ಲ.

ತುಂಗಾತೀರ

ಬೆಂಗಳೂರಿನವರಿಗೆ ಟಿಕೆಟ್ ಒಂದೇ ಚಿಂತೆ. ಶಿವಮೊಗ್ಗದಿಂದ ಬರುವ ನಮಗೆ ಅದರ ಹಿಂದೆ ರೈಲು, ಉಳಿಯಲು ಕೋಣೆ, ಮರುದಿನದ ರಜೆ ಎಲ್ಲ ಸಾಲಾಗಿ ನಿಂತಿರುತ್ತವೆ. ಟಿಕೆಟ್ ಖಚಿತವಾಗುವವರೆಗೆ ಕಾದರೆ ರೈಲಿನಲ್ಲಿ ಜಾಗ ಇರುವುದಿಲ್ಲ. ರೈಲು ಮೊದಲೇ ಕಾದಿರಿಸಿದರೆ ಟಿಕೆಟ್ ಸಿಗದಿದ್ದಾಗ ಅದನ್ನು ರದ್ದು ಮಾಡಿಸಿ ಹಣ ಕಳೆದುಕೊಳ್ಳಬೇಕು. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಬಂದದ್ದು ಒಂದು ಸಮಾಧಾನ. ಅದೂ ಕಾರ್ಯಕ್ರಮ ಹೊತ್ತಿಗೆ ಸರಿಯಾಗಿ ಮುಗಿದರೆ.

ಹಳೆಯ ಗಿಟಾರು

ನಾನು ಅರಮನೆ ಮೈದಾನದ ಕಾಲದವನು. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬಂದಾಗ ಮಳೆಯಲ್ಲಿ ನೆನೆದಿದ್ದೇನೆ, 2007ರ ಮಾರ್ಚ್‌ನಲ್ಲಿ ಐರನ್ ಮೇಡನ್‌ಗೆ ಹೋಗಿದ್ದೇನೆ, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಕೇಳಿದ್ದೇನೆ. ಟಿಕೆಟ್ ಎಂದರೆ ಅಂಗಡಿಯ ಕೌಂಟರಿನಲ್ಲಿ ದುಡ್ಡು ಕೊಟ್ಟು ತಂದು, ಮಡಿಚಿ ಪರ್ಸಿನಲ್ಲಿಟ್ಟುಕೊಳ್ಳುತ್ತಿದ್ದ ಕಾಗದ.

ಆಗ ಎಲ್ಲವೂ ಸರಿಯಾಗಿತ್ತು ಎನ್ನುವ ಜಾತಿಯವನಲ್ಲ ನಾನು. ಅದೇ ಮೆಟಾಲಿಕಾ ನಮ್ಮಲ್ಲಿಗೆ ಬರುವ ಎರಡು ದಿನ ಮೊದಲು ಗುರುಗ್ರಾಮದಲ್ಲಿ ಹಾಡಬೇಕಿತ್ತು. ಜನ ಸೇರಿದ ಮೇಲೆ ಕಾರ್ಯಕ್ರಮ ನಡೆಯುವುದಿಲ್ಲ ಎಂದರು, ಸಿಟ್ಟಿಗೆದ್ದವರು ವೇದಿಕೆಗೇ ನುಗ್ಗಿದರು, ಆಯೋಜಕರ ಕಡೆಯವರ ಬಂಧನವೂ ಆಯಿತು. ಕಾಗದದ ಟಿಕೆಟ್ ಕೈಯಲ್ಲಿದ್ದೂ ಅವರಿಗೆ ಏನೂ ದಕ್ಕಲಿಲ್ಲ. ಆದರೆ ಒಂದು ವ್ಯತ್ಯಾಸವಿತ್ತು. ‘ನನ್ನ ಬಳಿ ಇನ್ನು ಮೂವತ್ತು ಉಳಿದಿವೆ’ ಎಂದು ಅಂಗಡಿಯವನು ಬಾಯಿಬಿಟ್ಟು ಹೇಳುತ್ತಿದ್ದ. ನಿವಾಸಿಯವರು ಕೇಳುತ್ತಿರುವುದು ಅಷ್ಟನ್ನೇ.

ಸರ್ವರ್ ಕೋಣೆ

ಇಂಥ ಮಾರಾಟಗಳ ಹಿಂದಿನ ತಂತ್ರಾಂಶದಲ್ಲಿ ಕೆಲಸ ಮಾಡಿದ್ದೇನೆ. ಎಲ್ಲಿ ಎಂದು ಕೇಳಬೇಡಿ.

ಮೊದಲನೆಯದಾಗಿ, ಕಾಯುವ ಪುಟದಲ್ಲಿ ಬೇಗ ಬಂದು ನಿಂತದ್ದಕ್ಕೆ ಹೆಚ್ಚಿನ ಕಡೆ ಬೆಲೆಯಿಲ್ಲ. ಮಾರಾಟ ಆರಂಭವಾಗುವ ಕ್ಷಣದಲ್ಲಿ ಅಲ್ಲಿ ಇರುವವರಿಗೆಲ್ಲ ಕಣ್ಣುಮುಚ್ಚಿ ಚೀಟಿ ಎತ್ತಿ ಸಂಖ್ಯೆ ಹಂಚುತ್ತಾರೆ. ಆಮೇಲೆ ಬಂದವರು ಮಾತ್ರ ಬಂದ ಕ್ರಮದಲ್ಲಿ ಅವರ ಹಿಂದೆ ಸೇರುತ್ತಾರೆ. ಬೆಳಿಗ್ಗೆ ಎಂಟಕ್ಕೆ ಬಂದವನೂ ಹನ್ನೆರಡಕ್ಕೆ ಎರಡು ನಿಮಿಷವಿದ್ದಾಗ ಬಂದವನೂ ಒಂದೇ.

ಎರಡನೆಯದಾಗಿ, ಬೂದುಬಣ್ಣಕ್ಕೆ ತಿರುಗಿದ ಆಸನ ಮಾರಾಟವಾಗಿದೆ ಎಂದು ಅರ್ಥವಲ್ಲ. ಯಾರದೋ ಬುಟ್ಟಿಯಲ್ಲಿ ಅದು ಕೆಲವು ನಿಮಿಷ ಕಾದಿರಿಸಿದ ಸ್ಥಿತಿಯಲ್ಲಿರುತ್ತದೆ. ಅವರು ಹಣ ಕಟ್ಟದಿದ್ದರೆ, ಅಥವಾ ನಿವಾಸಿಯವರಂತೆ ಕಟ್ಟಿಯೂ ಗಡಿ ಮೀರಿದರೆ, ವಾಪಸ್ ಬರುತ್ತದೆ. ‘ಎಲ್ಲ ಖಾಲಿ’ ಎಂದ ಕೂಡಲೇ ಪುಟ ಮುಚ್ಚದೆ ಇನ್ನೊಂದು ಕಾಲು ಗಂಟೆ ನೋಡುತ್ತಿರಿ. ನನ್ನ ಪರಿಚಯದವರಲ್ಲಿ ಹೀಗೆ ಪಡೆದವರಿದ್ದಾರೆ.

ಮೂರನೆಯದು ನಿಮಗೆ ಇಷ್ಟವಾಗಲಿಕ್ಕಿಲ್ಲ. ಬಾಟ್‌ಗಳೇ (ಮನುಷ್ಯರ ಬದಲು ತಾವಾಗಿ ಟಿಕೆಟ್ ಕೊಳ್ಳುವ ತಂತ್ರಾಂಶಗಳು) ಎಲ್ಲವನ್ನೂ ನುಂಗಿದವು ಎಂಬುದು ಅರ್ಧ ಸತ್ಯ. 2024ರ ಸೆಪ್ಟೆಂಬರ್ 22ರಂದು ಬ್ರಿಟನ್ನಿನ ಕೋಲ್ಡ್‌ಪ್ಲೇ ತಂಡದ ಟಿಕೆಟ್‌ಗೆ ಬುಕ್‌ಮೈಶೋಗೆ ಬಂದವರು 1.3 ಕೋಟಿ. ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಹಿಡಿಯುವುದು ಐವತ್ತು ಸಾವಿರದ ಆಸುಪಾಸು, ಮೂರು ರಾತ್ರಿಯ ಕಾರ್ಯಕ್ರಮ. ಒಬ್ಬರಿಗೆ ನಾಲ್ಕರವರೆಗೆ ಕೊಳ್ಳಲು ಅವಕಾಶ. ಭಾಗಿಸಿ ನೋಡಿ. ಒಂದೇ ಒಂದು ಬಾಟ್ ಇರದಿದ್ದರೂ ನೂರರಲ್ಲಿ ತೊಂಬತ್ತೆಂಟಕ್ಕೂ ಹೆಚ್ಚು ಜನ ಬರಿಗೈಯಲ್ಲೇ ಎದ್ದುಹೋಗಬೇಕಿತ್ತು.

ನಾಗರಬಾವಿ ನಿವಾಸಿ

ಲೆಕ್ಕ ಒಪ್ಪಿದೆ. ಹಾಗಾದರೆ ಅದನ್ನು ಲಾಟರಿ ಎಂದೇ ಕರೆಯಲಿ. ಹೆಸರು ನೋಂದಾಯಿಸಿಕೊಂಡು ವಾರ ಬಿಟ್ಟು ಫಲಿತಾಂಶ ಹೇಳಲಿ. ಶನಿವಾರ ಮಧ್ಯಾಹ್ನ ಲಕ್ಷಾಂತರ ಜನರನ್ನು ಒಂದೇ ಬಾಗಿಲಿಗೆ ನುಗ್ಗಿಸುವುದೇಕೆ? ನುಗ್ಗಾಟವೇ ಅವರಿಗೆ ಜಾಹೀರಾತು. ‘ನಿಮಿಷಗಳಲ್ಲಿ ಮಾರಾಟ’ ಎಂಬ ಸುದ್ದಿ ಮರುದಿನ ಎಲ್ಲ ಕಡೆ ಬರಬೇಕಲ್ಲ.

ಲೆಕ್ಕದ ಪುಸ್ತಕ

ನನ್ನ ಮಾತಿಗೆ ಬೈಗುಳ ಬರುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಸಮಸ್ಯೆ ಬೆಲೆಯಲ್ಲಿದೆ. ಹತ್ತು ಸಾವಿರ ಕೊಡಲು ಸಿದ್ಧರಿರುವವರು ಸಾಲುಗಟ್ಟಿರುವಾಗ ಮೂರು ಸಾವಿರಕ್ಕೆ ಮಾರಿದರೆ, ನಡುವಿನ ಏಳು ಸಾವಿರವನ್ನು ಯಾರಾದರೂ ಎತ್ತಿಕೊಂಡೇ ತೀರುತ್ತಾರೆ. ಕಾಳಸಂತೆಯವನ ಬದಲು ಹಾಡುವವನಿಗೇ ಹೋಗಲಿ ಬಿಡಿ. ಮರುಮಾರಾಟವನ್ನು ಅಪರಾಧ ಎನ್ನುವ ಬದಲು ಬೆಲೆಯನ್ನು ಬೇಡಿಕೆಗೆ ಬಿಟ್ಟುಬಿಡಿ.

ಹಳೆಯ ಗಿಟಾರು

ಹತ್ತು ಸಾವಿರ ಇರುವವರಿಗಷ್ಟೇ ಹಾಡಬೇಕು ಎಂದು ಹಾಡುವವನಿಗೇ ಅನಿಸದಿದ್ದರೆ? ಕೋಲ್ಡ್‌ಪ್ಲೇಯವರು ಆ ಮುಂಬೈ ಕಾರ್ಯಕ್ರಮಕ್ಕೆ 35,000 ರೂಪಾಯಿಯ ಟಿಕೆಟನ್ನೂ ಇಟ್ಟಿದ್ದರು, ನವೆಂಬರ್‌ನಲ್ಲಿ 2,000 ರೂಪಾಯಿಯ ‘ಇನ್ಫಿನಿಟಿ’ ಟಿಕೆಟನ್ನೂ ಬಿಟ್ಟರು. ಒಬ್ಬರಿಗೆ ಎರಡೇ, ಯಾವ ಜಾಗ ಎಂದು ಮೊದಲೇ ತಿಳಿಸುವುದಿಲ್ಲ. ಕಡಿಮೆ ಬೆಲೆಯ ಟಿಕೆಟನ್ನು ಕಾಳಸಂತೆಗೆ ರುಚಿಸದಂತೆ ಮಾರುವುದು ಹೇಗೆಂಬುದು ಅವರಿಗೆ ಗೊತ್ತಿದೆ. ಗೊತ್ತಿದ್ದದ್ದನ್ನು ಎಲ್ಲ ಟಿಕೆಟ್‌ಗಳಿಗೂ ಮಾಡುವುದಿಲ್ಲ, ಅಷ್ಟೇ.

ಲಂಡನ್ ಕನ್ನಡತಿ

ಲೆಕ್ಕದ ಪುಸ್ತಕದವರು ಹೇಳುವ ಪ್ರಯೋಗ ಇಲ್ಲಿ ನಡೆದಾಗ ಏನಾಯಿತು ಎಂದು ಕೇಳಿ. 2024ರ ಆಗಸ್ಟ್ 31ರಂದು ಒಯಾಸಿಸ್ ಎಂಬ ರಾಕ್ ತಂಡದ ಮರುಮಿಲನದ ಟಿಕೆಟ್ ಮಾರಾಟ. ಸುಮಾರು 150 ಪೌಂಡ್ ಎಂದುಕೊಂಡು ಗಂಟೆಗಟ್ಟಲೆ ಸರದಿಯಲ್ಲಿ ನಿಂತವರಿಗೆ ಕೊನೆಗೆ ಕಂಡದ್ದು 355 ಪೌಂಡ್. ಬೇಡಿಕೆ ನೋಡಿಕೊಂಡು ಯಂತ್ರವೇ ಬೆಲೆ ಏರಿಸಿತು ಎಂದು ದೇಶವೆಲ್ಲ ಕೂಗಾಡಿತು. ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ ತನಿಖೆ ಮಾಡಿದಾಗ ಹೊರಬಂದದ್ದು ಬೇರೆಯೇ. ನಿಮಿಷ ನಿಮಿಷಕ್ಕೂ ಬೆಲೆ ಏರಿಸುವ ಗಣಿತ ಅಲ್ಲಿರಲಿಲ್ಲ. ನಿಲ್ಲುವ ಟಿಕೆಟ್‌ಗಳಿಗೆ ಎರಡು ದರ ಮೊದಲೇ ನಿಗದಿಯಾಗಿತ್ತು; ಕಡಿಮೆಯದು ಮುಗಿದ ಮೇಲೆ ಹೆಚ್ಚಿನದನ್ನು ಬಿಟ್ಟರು. ಅದನ್ನು ಸರದಿಯಲ್ಲಿದ್ದವರಿಗೆ ಹೇಳಲಿಲ್ಲ. ಹಾಗೆಯೇ ‘ಪ್ಲಾಟಿನಂ’ ಎಂಬ ಹೆಸರಿನಲ್ಲಿ ಕೆಲವು ಆಸನಗಳನ್ನು ಎರಡೂವರೆ ಪಟ್ಟು ಬೆಲೆಗೆ ಮಾರಿದ್ದರು, ಪಕ್ಕದ ಆಸನಕ್ಕಿಂತ ಹೆಚ್ಚಿನ ಸೌಕರ್ಯವೇನೂ ಇಲ್ಲದೆ. 2025ರ ಸೆಪ್ಟೆಂಬರ್‌ನಲ್ಲಿ ಆ ಟಿಕೆಟ್ ಮಾರಿದ ಟಿಕೆಟ್‌ಮಾಸ್ಟರ್ ಕಂಪನಿ ಕೊಟ್ಟ ಮುಚ್ಚಳಿಕೆಯ ಮುಖ್ಯ ಅಂಶ, ಹೀಗೆ ಎರಡು ದರ ಇರುವುದಾದರೆ 24 ಗಂಟೆ ಮೊದಲೇ ತಿಳಿಸುತ್ತೇವೆ ಎಂಬುದು.

ಜನರಿಗೆ ಸಿಟ್ಟು ಬಂದದ್ದು 355 ಪೌಂಡ್‌ಗೆ ಅಷ್ಟಾಗಿ ಅಲ್ಲ. ಮೊದಲೇ ಹೇಳಿದ್ದರೆ ಬಿಡುತ್ತಿದ್ದೆವು ಅಥವಾ ಮನಸ್ಸು ಮಾಡಿಕೊಂಡು ಬರುತ್ತಿದ್ದೆವು. ಗಂಟೆಗಟ್ಟಲೆ ನಿಲ್ಲಿಸಿ ಕೊನೆಗೆ ಹೇಳಿದರೆ ಬಿಟ್ಟುಹೋಗಲು ಮನಸ್ಸಾಗುವುದಿಲ್ಲ. ಮಾರುವವರಿಗೆ ಅದು ಚೆನ್ನಾಗಿ ಗೊತ್ತು.

ಮರುಮಾರಾಟದ ವಿಷಯ: ಐರ್ಲೆಂಡ್ 2021ರಲ್ಲೇ ದೊಡ್ಡ ಕಾರ್ಯಕ್ರಮಗಳ ಟಿಕೆಟನ್ನು ಮೂಲ ಬೆಲೆಗಿಂತ ಹೆಚ್ಚಿಗೆ ಮಾರಬಾರದು ಎಂದು ಕಾನೂನು ಮಾಡಿತು. ಬ್ರಿಟನ್ ಸರ್ಕಾರವೂ ಅಂಥದ್ದನ್ನೇ ತರುವುದಾಗಿ 2025ರ ನವೆಂಬರ್‌ನಲ್ಲಿ ಪ್ರಕಟಿಸಿದೆ. ಗ್ಲಾಸ್ಟನ್‌ಬರಿ ಉತ್ಸವದವರದು ಇನ್ನೂ ಹಳೆಯ ಉಪಾಯ: ಭಾವಚಿತ್ರದೊಂದಿಗೆ ನೋಂದಾಯಿಸಿಕೊಂಡವರಿಗೆ ಮಾತ್ರ ಟಿಕೆಟ್. ಅದನ್ನು ಬೇರೆಯವರಿಗೆ ಕೊಡಲು ಬರುವುದಿಲ್ಲ.

ತುಂಗಾತೀರ

ನಮ್ಮ ರೈಲಿನವರೂ ಅದನ್ನೇ ಮಾಡಿದ್ದಾರಲ್ಲ. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಬೇಕು, ಮೊದಲ ಅರ್ಧ ಗಂಟೆ ಏಜೆಂಟರಿಗೆ ಪ್ರವೇಶವಿಲ್ಲ. ಸಂಗೀತ ಕಾರ್ಯಕ್ರಮಕ್ಕೂ ಹಾಗೇ ಮಾಡಲು ಏನಡ್ಡಿ?

ಸರ್ವರ್ ಕೋಣೆ

ಅಡ್ಡಿ ಇರುವುದು ಬಾಗಿಲಲ್ಲಿ. ರೈಲಿನಲ್ಲಿ ಟಿಟಿಇ ಒಬ್ಬೊಬ್ಬರ ಬಳಿ ಬಂದು ನೋಡಲು ಇಡೀ ರಾತ್ರಿ ಇರುತ್ತದೆ. ಮೈದಾನದಲ್ಲಿ ಮೂವತ್ತು ಸಾವಿರ ಜನರನ್ನು ಎರಡು ಮೂರು ಗಂಟೆಯಲ್ಲಿ ಒಳಗೆ ಬಿಡಬೇಕು. ಪ್ರತಿಯೊಬ್ಬರ ಗುರುತಿನ ಚೀಟಿಗೆ ಅರ್ಧ ನಿಮಿಷ ಎಂದಿಟ್ಟುಕೊಂಡರೂ ಎಷ್ಟು ಬಾಗಿಲು, ಎಷ್ಟು ಸಿಬ್ಬಂದಿ ಬೇಕು ಎಂದು ಯೋಚಿಸಿ. ಬಾಗಿಲಲ್ಲಿ ನೂಕುನುಗ್ಗಲಾದರೆ ಏನಾಗುತ್ತದೆ ಎಂಬುದನ್ನು 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಂಡಿದ್ದೇವೆ. ಹನ್ನೊಂದು ಜನ ಸತ್ತರು. ಅಲ್ಲಿಯೂ ಉಚಿತ ಪ್ರವೇಶವೋ ಪಾಸ್ ಬೇಕೋ ಎಂಬ ಗೊಂದಲವಿತ್ತು.

ಇನ್ನೊಂದು ಮಾತು. ಖಾಸಗಿ ಆ್ಯಪ್‌ಗೆ ನನ್ನ ಆಧಾರ್ ಕೊಡಲು ನನಗಂತೂ ಇಷ್ಟವಿಲ್ಲ.

ಒಂದೇ ಮಾತು

ಅರ್ಧ ನಿಮಿಷದ ತಪಾಸಣೆಗೆ ಸಿಬ್ಬಂದಿ ಇಲ್ಲ, ಆದರೆ ನೀರಿನ ಬಾಟಲಿ ಕಿತ್ತುಕೊಳ್ಳಲು ಪ್ರತಿ ಬಾಗಿಲಿಗೂ ನಾಲ್ಕು ಜನ.

ಅಡ್ಯಾರ್ ಕನ್ನಡಿಗ

ಟಿಕೆಟ್ ಸಿಕ್ಕರೆ ಗೆದ್ದೆವು ಎಂದುಕೊಂಡವರಿಗೆ ಚೆನ್ನೈಯಿಂದ ಒಂದು ಸಮಾಚಾರ. 2023ರ ಸೆಪ್ಟೆಂಬರ್ 10, ಎ.ಆರ್. ರೆಹಮಾನ್ ಕಾರ್ಯಕ್ರಮ, ಈಸ್ಟ್ ಕೋಸ್ಟ್ ರಸ್ತೆಯ ಪನೈಯೂರು. ದುಬಾರಿ ಟಿಕೆಟ್ ಹಿಡಿದವರೇ ಒಳಗೆ ಹೋಗಲಾಗದೆ ಹಿಂದಿರುಗಿದರು. ವಾಹನಗಳು ಕದಲಲಿಲ್ಲ, ಮಕ್ಕಳು ಮುದುಕರು ಗುಂಪಿನಲ್ಲಿ ಸಿಕ್ಕಿಹಾಕಿಕೊಂಡರು. ಒಳಗೆ ಬರಲಾಗದವರು ಟಿಕೆಟ್‌ನ ಪ್ರತಿ ಕಳುಹಿಸಿ ಎಂದು ಮರುದಿನ ರೆಹಮಾನ್ ಅವರೇ ಕೇಳಿಕೊಳ್ಳಬೇಕಾಯಿತು. ಎಷ್ಟು ಟಿಕೆಟ್ ಮಾರುತ್ತಿದ್ದೇವೆ, ಮೈದಾನದಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂಬ ಎರಡು ಸಂಖ್ಯೆಗಳನ್ನು ಮುಂಚಿತವಾಗಿ ಪ್ರಕಟಿಸುವ ಕಟ್ಟುಪಾಡಿದ್ದರೆ, ಹಾಗೆ ಆಗುವ ಮೊದಲೇ ಯಾರಾದರೂ ಕೇಳುತ್ತಿದ್ದರು. ನಿವಾಸಿಯವರ ಪ್ರಶ್ನೆ ಬರೀ ಟಿಕೆಟ್ ಸಿಗದವರ ಗೊಣಗಾಟವಲ್ಲ.

ಚಾಮರಾಜಪುರಂ

ಖಾಸಗಿಯವರು ಹೇಳದಿದ್ದರೆ ಹಾಳಾಗಿ ಹೋಗಲಿ, ಸರ್ಕಾರ ನಡೆಸುವ ಕಾರ್ಯಕ್ರಮದ ಕಥೆ? 2024ರಲ್ಲಿ ಮೈಸೂರಿನ ಯುವ ದಸರಾ ಮಹಾರಾಜ ಕಾಲೇಜು ಮೈದಾನದಿಂದ ಉತ್ತನಹಳ್ಳಿಗೆ ಹೋಯಿತು. ರೆಹಮಾನ್, ಇಳಯರಾಜ ಬಂದ ವರ್ಷ ಅದು. ಹಿಂದೆ ನಿಂತು ನೋಡುವವರಿಗೆ ಉಚಿತ, ಮುಂದಿನ ಸಾಲುಗಳಿಗೆ 8,000 ಮತ್ತು 5,000 ರೂಪಾಯಿಯ ಟಿಕೆಟ್. ಟಿಕೆಟ್ ಇಟ್ಟದ್ದಕ್ಕೆ ನನ್ನ ತಕರಾರಿಲ್ಲ. ಮುಂದಿನ ಸಾಲುಗಳಲ್ಲಿ ಮಾರಾಟಕ್ಕೆ ಎಷ್ಟು, ಪಾಸ್‌ಗೆ ಎಷ್ಟು ಎಂಬ ಪಟ್ಟಿಯನ್ನು ಜನರ ಮುಂದಿಡಲಿ. ನಮ್ಮದೇ ತೆರಿಗೆ ಹಣ, ಇದನ್ನು ಕೇಳುವ ಹಕ್ಕು ನಮಗಿದೆ. ಮೈಸೂರಿನಲ್ಲಿ ದಸರಾ ಬಂತೆಂದರೆ ಪಾಸ್ ಕೇಳಿ ಬರುವ ಫೋನ್ ಕರೆಗಳಿಗೆ ಕೊನೆಯಿಲ್ಲ. ಕೊಡಿಸಬಲ್ಲವರು ಯಾರು ಎಂಬುದು ಊರಿಗೆಲ್ಲ ಗೊತ್ತು.

ತಂಬೂರಿ

ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಬನ್ನಿ. 1939ರಿಂದ ರಾಮನವಮಿ ಸಂಗೀತೋತ್ಸವ ನಡೆಯುತ್ತಿದೆ. ಅಲ್ಲಿಯೂ ಟಿಕೆಟ್ ಇದೆ, ಆದರೆ ಸಿಗದವರು ಹೊರಗೆ ನಿಂತೇ ಪೂರ್ತಿ ಕಛೇರಿ ಕೇಳಿ ಮನೆಗೆ ಹೋಗಬಹುದು. ಗಡಿಯಾರ ಯಾರನ್ನೂ ಹೊರಗೆ ತಳ್ಳುವುದಿಲ್ಲ.

ಲೆಕ್ಕದ ಪುಸ್ತಕ

ತಂಬೂರಿಯವರೇ, ನಿಮ್ಮ ಪೆಂಡಾಲಿಗೆ 1.3 ಕೋಟಿ ಜನ ಬರುತ್ತಿಲ್ಲ.

ತಂಬೂರಿ

ಬಾರದಿರಲಿ ಎಂದೇ ರಾಮನಲ್ಲಿ ಪ್ರಾರ್ಥನೆ.

ವಕೀಲರ ಓಣಿ

ಧಾರವಾಡದಲ್ಲಿ ವಕೀಲಿ ಮಾಡುತ್ತೇನೆ. ನಿವಾಸಿಯವರ ಹಣದ ವಿಷಯ ಮೊದಲು.

ಯುಪಿಐನಲ್ಲಿ ನಿಮ್ಮ ಖಾತೆಯಿಂದ ಹಣ ಹೋಗಿ ವ್ಯಾಪಾರಿಗೆ ದೃಢೀಕರಣ ತಲುಪದಿದ್ದರೆ, ವಹಿವಾಟಿನ ದಿನದ ನಂತರ ಐದು ದಿನದೊಳಗೆ ಅದು ತಾನಾಗಿ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್‌ನ ಸುತ್ತೋಲೆ ಇದು. ಆದರೆ ಹಣ ಟಿಕೆಟ್ ಆ್ಯಪ್‌ನವರಿಗೆ ತಲುಪಿಯೇಬಿಟ್ಟಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ. ಮರಳಿಸುವ ಹೊಣೆ ಅವರದು. ಆದ್ದರಿಂದ ಬ್ಯಾಂಕಿನ ಸಂದೇಶದಲ್ಲಿರುವ ಹನ್ನೆರಡು ಅಂಕಿಯ ಉಲ್ಲೇಖ ಸಂಖ್ಯೆಯನ್ನು ಇಬ್ಬರಿಗೂ ಕಳುಹಿಸಿ, ಹಣ ಈಗ ಯಾರ ಬಳಿ ಇದೆ ಎಂದು ಲಿಖಿತವಾಗಿ ಕೇಳಿ. ಇಲ್ಲದಿದ್ದರೆ ಬ್ಯಾಂಕ್ ಆ್ಯಪ್‌ನತ್ತ, ಆ್ಯಪ್ ಬ್ಯಾಂಕಿನತ್ತ ಕೈ ತೋರಿಸುತ್ತ ಕೂರುತ್ತವೆ.

ಕೇಳದೆ ಸೇರಿಸಿದ ದೇಣಿಗೆ, ಕೊನೆಯ ಪುಟದಲ್ಲಿ ಏರುವ ಬೆಲೆ ಇವೆರಡೂ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿ ತಪ್ಪಿಸುವ ಪುಟ ವಿನ್ಯಾಸ) ಮಾರ್ಗಸೂಚಿಯ ಹದಿಮೂರು ಬಗೆಗಳಲ್ಲಿ ಬರುತ್ತವೆ. ಸುಳ್ಳು ಆತುರ ಹುಟ್ಟಿಸುವುದೂ ಆ ಪಟ್ಟಿಯಲ್ಲಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಮುಂಬೈಯಲ್ಲಿದ್ದರೂ ಚಿಂತೆಯಿಲ್ಲ. ಐದು ಲಕ್ಷದವರೆಗೆ ಶುಲ್ಕವೂ ಇಲ್ಲ.

ಕಾಳಸಂತೆಯ ಬಗ್ಗೆ ಹೇಳುವುದಾದರೆ, ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಂ ಗುಂಪು ಕಟ್ಟಿಕೊಂಡು ಅನಧಿಕೃತವಾಗಿ ಟಿಕೆಟ್ ಮಾರುವುದನ್ನು ಅಪರಾಧವೆನ್ನುತ್ತದೆ. ಒಂದರಿಂದ ಏಳು ವರ್ಷ ಶಿಕ್ಷೆ. ಗಮನಿಸಿ, ಗುಂಪು. ಯಾವ ಗುಂಪಿಗೂ ಸೇರದವನು ಒಬ್ಬನೇ ಕುಳಿತು ಮಾರಿದರೆ ಏನು, ಮರುಮಾರಾಟದ ತಾಣ ವಿದೇಶದಲ್ಲಿದ್ದರೆ ಏನು ಎಂಬುದಕ್ಕೆ ಆ ಕಲಂನಲ್ಲಿ ನೇರ ಉತ್ತರವಿಲ್ಲ. ಕೋಲ್ಡ್‌ಪ್ಲೇ ಗಲಾಟೆಯ ನಂತರ ಜಾರಿ ನಿರ್ದೇಶನಾಲಯ ಬೆಂಗಳೂರೂ ಸೇರಿದಂತೆ ಐದು ನಗರಗಳಲ್ಲಿ ಶೋಧ ನಡೆಸಿತು. ಆನ್‌ಲೈನ್ ಟಿಕೆಟ್ ಮಾರಾಟಕ್ಕೆ ನಿಯಮ ಬೇಕು ಎಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಮಾತ್ರ ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ವಜಾ ಮಾಡಿತು. ಅದು ಶಾಸಕಾಂಗ, ಕಾರ್ಯಾಂಗದ ಕೆಲಸ ಎಂಬುದು ನ್ಯಾಯಾಲಯದ ನಿಲುವು. ನನ್ನ ಮಟ್ಟಿಗೆ ಅದು ಸರಿಯಾದ ನಿಲುವೇ. ಆದರೆ ಅಲ್ಲಿಗೆ ಚೆಂಡು ಹೋಗಿ ನಿಂತಿದೆ, ಎತ್ತಿಕೊಂಡವರಿಲ್ಲ.

ರಾತ್ರಿರಾಣಿ

ಎರಡು ಟಿಕೆಟ್ ಇವೆ, ಮುಂಭಾಗದ ನಿಲ್ಲುವ ವಿಭಾಗ. ಮೂಲ ಬೆಲೆಯ ಎರಡೂವರೆ ಪಟ್ಟು. ಬೇಕಾದವರು ಸಂದೇಶ ಕಳುಹಿಸಿ.

ಒಂದೇ ಮಾತು

ಮೇಲಿನ ಉತ್ತರದಲ್ಲಿ 112ನೇ ಕಲಂ ಓದಿ ಬನ್ನಿ.

ನಿರ್ವಾಹಕರು

ಟಿಕೆಟ್ ಮಾರಾಟದ ಬರಹಗಳಿಗೆ ಇಲ್ಲಿ ಅವಕಾಶವಿಲ್ಲ. ರಾತ್ರಿರಾಣಿಯವರ ಖಾತೆಯನ್ನು ತಡೆಹಿಡಿಯಲಾಗಿದೆ. ಇದೇ ಬರಹ ಬೇರೆ ಮೂರು ಚರ್ಚೆಗಳಲ್ಲೂ ಕಾಣಿಸಿಕೊಂಡಿತ್ತು. ಮುಂಗಡ ಹಣ ಕಳುಹಿಸಿದವರಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಾಗರಬಾವಿ ನಿವಾಸಿ

ವಕೀಲರ ಓಣಿಯವರಿಗೆ ಧನ್ಯವಾದ. ಉಲ್ಲೇಖ ಸಂಖ್ಯೆ ಕಳುಹಿಸಿದ ಮೇಲೆ ಹಣ ವಾಪಸ್ ಬಂತು, ದೇಣಿಗೆಯೂ ಸೇರಿ. ಮಾರಾಟಕ್ಕೆ ಎಷ್ಟು ಟಿಕೆಟ್ ಇಟ್ಟಿದ್ದಿರಿ ಎಂಬ ಪ್ರಶ್ನೆಗೆ ಆ್ಯಪ್‌ನವರು, ಅದು ಆಯೋಜಕರ ತೀರ್ಮಾನ, ಅವರನ್ನೇ ಕೇಳಿ ಎಂದರು. ಆಯೋಜಕರಿಗೆ ಬರೆದೆ. ಟಿಕೆಟ್‌ಗೆ ಸಂಬಂಧಿಸಿದ ಎಲ್ಲ ಪ್ರಶ್ನೆಗಳಿಗೂ ಆ್ಯಪ್‌ನ ಗ್ರಾಹಕ ಸೇವೆಯನ್ನು ಸಂಪರ್ಕಿಸಿ ಎಂದು ಉತ್ತರ ಬಂದಿದೆ.

ವಕೀಲರ ಓಣಿ

ಎರಡೂ ಉತ್ತರಗಳನ್ನು ಜೋಪಾನವಾಗಿಡಿ. ಹಣ ಬಂದರೂ ಬೆಲೆ ಮುಚ್ಚಿಟ್ಟ ದೂರು ಉಳಿದೇ ಇದೆ. ಆಯೋಗಕ್ಕೆ ಹೋಗುವುದಾದರೆ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಿ. ಒಬ್ಬರನ್ನೇ ಸೇರಿಸಿದರೆ ಅವರು ಮೊದಲ ದಿನವೇ ಇನ್ನೊಬ್ಬರ ಹೆಸರು ಹೇಳುತ್ತಾರೆ.

ಸರ್ವರ್ ಕೋಣೆ

ಹೋಗಲೇಬೇಕು ಎನ್ನುವವರಿಗೆ ಒಂದು ಮಾಹಿತಿ. ವೇದಿಕೆ, ಧ್ವನಿ ನಿಯಂತ್ರಣದ ಮಂಚ, ಕ್ಯಾಮೆರಾ ಇವೆಲ್ಲ ಎಲ್ಲಿ ಬರುತ್ತವೆ ಎಂದು ಗೊತ್ತಾಗುವವರೆಗೆ ಕೆಲವು ಜಾಗಗಳನ್ನು ಮಾರದೆ ಹಿಡಿದಿಟ್ಟಿರುತ್ತಾರೆ. ವೇದಿಕೆ ಕಟ್ಟಿದ ಮೇಲೆ ಅವುಗಳಲ್ಲಿ ಕೆಲವನ್ನು ಸದ್ದಿಲ್ಲದೆ ಬಿಡುವುದುಂಟು, ಹೆಚ್ಚಾಗಿ ಕೊನೆಯ ವಾರದಲ್ಲಿ. ಮೂಲ ಬೆಲೆಗೇ ಸಿಗುತ್ತವೆ. ಎಷ್ಟು, ಯಾವಾಗ ಎಂದು ಮಾತ್ರ ಕೇಳಬೇಡಿ.

ತುಂಗಾತೀರ

ಕೊನೆಯ ವಾರದಲ್ಲಿ ಟಿಕೆಟ್ ಸಿಕ್ಕರೆ ಶಿವಮೊಗ್ಗದವರು ಮತ್ತೆ ತತ್ಕಾಲ್‌ಗೆ ಕೂರಬೇಕು. ಆಧಾರ್ ಜೋಡಿಸಿ ಇಟ್ಟಿದ್ದೇನೆ.